ಫ್ಯಾನ್ ತಿರುಗದ ಕಾರಿಗೆ ಇಂಜಿನ್ ಬಿಚ್ಚಿದ ಬಗ್ಗೆ ದೂರು

ಅತ್ತಿಗುಂಡಿ, ಚಿಕ್ಕಮಗಳೂರು ತಾಲ್ಲೂಕು
14-08-2025

ವ್ಯವಸ್ಥಾಪಕರಿಗೆ,
ಕಾರು ಸರ್ವಿಸ್ ಕೇಂದ್ರ, ಚಿಕ್ಕಮಗಳೂರು

ವಿಷಯ: ಬೇಡದ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗಿನ ಸೀಲ್) ಕೆಲಸಕ್ಕೆ ಮತ್ತು ಬದಲಿಸದ, ಮುಂದಿನ ಚಕ್ರದ ಬಳಿಯ ರಬ್ಬರ್ ಬುಷ್‌ಗಳಿಗೆ ಪಡೆದ ಹಣವನ್ನು ಹಿಂದಿರುಗಿಸುವ ಬಗ್ಗೆ.

ಮಾನ್ಯರೇ,

ನನ್ನದು 2011ರ ಸಣ್ಣ ಪೆಟ್ರೋಲ್ ಕಾರು. ಆರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು, ಈಗ 1,04,000 ಕಿಲೋಮೀಟರ್ ಓಡಿದೆ. ಬರುವ ವರ್ಷ ಅದಕ್ಕೆ 15 ತುಂಬುವುದರಿಂದ ನೋಂದಣಿ ನವೀಕರಿಸಲು ಆರ್‌ಟಿಒ ತಪಾಸಣೆಗೆ ಒಯ್ಯಬೇಕು. ಅಷ್ಟರೊಳಗೆ ಇರುವ ತೊಂದರೆಗಳನ್ನೆಲ್ಲ ಸರಿಪಡಿಸಿಕೊಳ್ಳೋಣವೆಂದು ಜುಲೈ 21ರಂದು ನಿಮ್ಮಲ್ಲಿ ಬಿಟ್ಟೆ. 26ರಂದು 23,000 ರೂಪಾಯಿ ಕೊಟ್ಟು ಬಿಡಿಸಿಕೊಂಡೆ. ಮೂರನೆಯ ದಿನವೇ ಕಾರು ಮತ್ತೆ ಕಾದು, ದಾರಿಯಲ್ಲಿ ನಿಂತಿತು.

ಹಳೆಯ ಗಾಡಿಗೆ ಖರ್ಚು ಬರುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಕೈಮರದಿಂದ ನಮ್ಮ ಮನೆಯವರೆಗೂ ಏರು ದಾರಿ. ದಿನಾ ಅರ್ಧ ಕ್ಲಚ್ಚಿನಲ್ಲಿ ಹತ್ತುವ ಕಾರಿನ ಕ್ಲಚ್ ಪ್ಲೇಟ್ ಸವೆಯುವುದು ಸಹಜ. ಕ್ಲಚ್ ಸೆಟ್ ಮತ್ತು ಮಜೂರಿಗೆ ನೀವು ಹಾಕಿದ 7,200 ರೂಪಾಯಿ ನ್ಯಾಯವಾಗಿದೆ, ಕೆಲಸವೂ ಚೆನ್ನಾಗಿ ಆಗಿದೆ. ಆಯಿಲ್ ಮತ್ತು ಫಿಲ್ಟರಿನ 1,700 ರೂಪಾಯಿಯನ್ನೂ ಒಪ್ಪುತ್ತೇನೆ. ನನ್ನ ದೂರು ಉಳಿದ 14,100 ರೂಪಾಯಿಯದು.

ಕಾರು ಬಿಡುವಾಗ ನಿಮ್ಮ ಸರ್ವಿಸ್ ಅಡ್ವೈಸರ್ ಅವರಿಗೆ ನಾನು ಬಿಡಿಸಿ ಹೇಳಿದ್ದೆ. ಬೇಲೂರು ರಸ್ತೆಯಲ್ಲಿ ಅರವತ್ತು ಎಪ್ಪತ್ತರ ವೇಗದಲ್ಲಿ ಹೋದರೆ ಶಾಖದ ಮುಳ್ಳು ಅರ್ಧ ದಾಟುವುದಿಲ್ಲ. ಕೈಮರ ದಾಟಿ ಎರಡನೇ ಗೇರಿನಲ್ಲಿ ನಿಧಾನವಾಗಿ ಹತ್ತುವಾಗ ಮಾತ್ರ ಮೇಲಕ್ಕೇರುತ್ತದೆ. ಎಂ.ಜಿ. ರಸ್ತೆಯ ದಟ್ಟಣೆಯಲ್ಲಿ ನಿಂತರೆ ಎಸಿಯಲ್ಲಿ ಬಿಸಿ ಗಾಳಿ ಬರುತ್ತದೆ, ಕಾರು ಹೊರಟ ಮೇಲೆ ತಣ್ಣಗಾಗುತ್ತದೆ. ಇಂಜಿನ್ ತಂಪಾಗಿಡುವ ಕೂಲಂಟ್ ಕಡಿಮೆಯಾಗುತ್ತಿಲ್ಲ, ಹೊಗೆ ಬೆಳ್ಳಗಿಲ್ಲ. ಇಷ್ಟನ್ನೂ ಕೇಳಿಸಿಕೊಂಡು ಅವರು ಜಾಬ್ ಕಾರ್ಡಿನಲ್ಲಿ ಬರೆದದ್ದು ‘ಇಂಜಿನ್ ಹೀಟ್’ ಎಂಬ ಎರಡೇ ಪದ.

ವೇಗವಾಗಿ ಓಡುವಾಗ ಎದುರು ಗಾಳಿಯೇ ರೇಡಿಯೇಟರನ್ನು ತಂಪಾಗಿಸುತ್ತದೆ. ನಿಂತಾಗಲೂ ನಿಧಾನ ಹತ್ತುವಾಗಲೂ ಆ ಕೆಲಸವನ್ನು ಫ್ಯಾನ್ ಮಾಡಬೇಕು. ನಾನು ಹೇಳಿದ ಲಕ್ಷಣಗಳೆಲ್ಲ ಫ್ಯಾನಿನ ಕಡೆಗೇ ಕೈ ತೋರಿಸುತ್ತಿದ್ದವು. ಬಾನೆಟ್ ಎತ್ತಿ, ಇಂಜಿನ್ ಚಾಲೂ ಇಟ್ಟು, ಎಸಿ ಹಾಕಿ ಎರಡು ನಿಮಿಷ ನಿಂತು ನೋಡಿದ್ದರೆ ಫ್ಯಾನ್ ತಿರುಗುತ್ತಿಲ್ಲವೆಂದು ನಿಮ್ಮವರಿಗೂ ಗೊತ್ತಾಗುತ್ತಿತ್ತು.

ಅದರ ಬದಲು 23ರಂದು ಫೋನ್ ಬಂತು. ‘ಹೆಡ್ ಗ್ಯಾಸ್ಕೆಟ್ ಹೋಗಿದೆ ಮೇಡಂ, ಹೆಡ್ ಬಿಚ್ಚಿದ್ದೇವೆ’ ಎಂದರು. ಬಿಚ್ಚುವ ಮುಂಚೆ ಯಾಕೆ ಕೇಳಲಿಲ್ಲ ಎಂದೆ. ‘ಹಳೆಯ ಗಾಡಿ ಮೇಡಂ, ಮಾಡಿಸಲೇಬೇಕು’ ಎಂಬುದಷ್ಟೇ ಉತ್ತರ. ಗ್ಯಾಸ್ಕೆಟ್ ಹೋಗಿದೆಯೇ ಎಂದು ತಿಳಿಯಲು ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡದ) ಪರೀಕ್ಷೆ ಮಾಡಿದ ದಾಖಲೆಯಾಗಲಿ, ಕೂಲಂಟ್ ಒತ್ತಡ ನೋಡಿದ ದಾಖಲೆಯಾಗಲಿ ಜಾಬ್ ಕಾರ್ಡಿನಲ್ಲಿ ಇಲ್ಲ. ಇಂಜಿನ್ ಬಿಚ್ಚಿ ಹರಡಿದ ಮೇಲೆ ಬೇಡವೆನ್ನಲು ನನಗೆ ದಾರಿಯೂ ಇರಲಿಲ್ಲ. ಗ್ಯಾಸ್ಕೆಟ್ ಸೆಟ್ 2,400, ಹೆಡ್ ಫೇಸಿಂಗ್ (ಹೆಡ್ಡಿನ ತಳ ಸಮ ಮಾಡುವುದು) 1,800, ಮಜೂರಿ 6,500, ಹೊಸ ಕೂಲಂಟ್ 1,200. ತೆಗೆದ ಹಳೆಯ ಗ್ಯಾಸ್ಕೆಟ್ ತೋರಿಸಿ ಎಂದು ಕೇಳಿದರೆ ಎಸೆದುಬಿಟ್ಟೆವು ಎಂದರು.

ಜುಲೈ 29ರ ಸಂಜೆ ಆ ಮಳೆಯಲ್ಲಿ, ಕೈಮರದ ಮೇಲಿನ ತಿರುವೊಂದರಲ್ಲಿ ಮುಳ್ಳು ಕೆಂಪು ಗೆರೆ ಮುಟ್ಟಿತು. ಹಿಂದಿನ ಸೀಟಿನಲ್ಲಿ ಎಪ್ಪತ್ತೆಂಟು ವರ್ಷದ ನಮ್ಮ ಅತ್ತೆ ಇದ್ದರು. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಮಂಜು ಕವಿದು ಹತ್ತು ಅಡಿ ಆಚೆ ಏನೂ ಕಾಣುತ್ತಿರಲಿಲ್ಲ. ಮೇಲಿನಿಂದ ಇಳಿಯುವ ಜೀಪುಗಳಿಗೆ ಕಾಣಲೆಂದು ನಾನು ಟಾರ್ಚ್ ಹಿಡಿದು ಮುಕ್ಕಾಲು ಗಂಟೆ ರಸ್ತೆಯಲ್ಲಿ ನಿಂತೆ. ಈ ಪತ್ರ ಬರೆಯಲು ಹಣಕ್ಕಿಂತ ದೊಡ್ಡ ಕಾರಣ ಆ ಮುಕ್ಕಾಲು ಗಂಟೆ.

ಮರುದಿನ ನಮ್ಮೂರಿನ ಕಡೆಯ ಮೆಕ್ಯಾನಿಕ್ ಬಂದು ಫ್ಯಾನಿನ ಮೋಟಾರಿಗೆ ಬ್ಯಾಟರಿಯಿಂದ ನೇರವಾಗಿ ವೈರ್ ಕೊಟ್ಟರು. ಫ್ಯಾನ್ ಜೋರಾಗಿ ತಿರುಗಿತು. ಕೆಟ್ಟದ್ದು ಮೋಟಾರಲ್ಲ, ಅದಕ್ಕೆ ಕರೆಂಟ್ ಹರಿಸುವ ಸ್ವಿಚ್ಚಿನಂಥ ರಿಲೇ. ಹೊಸದಕ್ಕೆ 280, ಮಜೂರಿ 200. ಅಂದಿನಿಂದ ಈವರೆಗೆ ಹದಿನೈದು ದಿನ ಅದೇ ಏರು ಹತ್ತಿದ್ದೇನೆ, ಮುಳ್ಳು ಅರ್ಧದಲ್ಲೇ ಇದೆ.

ಗುಂಡಿ ಇಳಿದರೆ ಮುಂದಿನ ಎಡ ಚಕ್ರದ ಬಳಿ ಬರುತ್ತಿದ್ದ ಟಕ್ ಟಕ್ ಸದ್ದು ನಿಂತಿಲ್ಲವೆಂದು ಆ ಮೆಕ್ಯಾನಿಕ್‌ಗೇ ತೋರಿಸಿದೆ. ಜಾಕ್ ಕೊಟ್ಟು ಎತ್ತಿ ಟಾರ್ಚ್ ಬಿಟ್ಟರು, ನಾನೂ ಬಗ್ಗಿ ನೋಡಿದೆ. ನೀವು ಬದಲಿಸಿದ್ದೇವೆಂದು 2,200 ರೂಪಾಯಿ ಹಾಕಿದ ಲೋವರ್ ಆರ್ಮ್ ಬುಷ್‌ಗಳ ರಬ್ಬರ್ ಬಿರುಕು ಬಿಟ್ಟಿದೆ. ಬಿರುಕಿನೊಳಗೆ ಕೆಂಪು ಮಣ್ಣು ಒಣಗಿ ಕಲ್ಲಾಗಿದೆ. ಬೋಲ್ಟಿನ ತಲೆಯ ಮೇಲಿನ ತುಕ್ಕು ಪದರ ಹಾಗೇ ಇದೆ, ಸ್ಪ್ಯಾನರ್ ತಾಗಿದ ಒಂದು ಗೀರೂ ಇಲ್ಲ. ಫೋಟೋಗಳನ್ನು ಲಗತ್ತಿಸಿದ್ದೇನೆ. ಆ ಬುಷ್‌ಗಳನ್ನು ಬೇಕೆಂದೇ ಇನ್ನೂ ಬದಲಿಸಿಲ್ಲ, ನಿಮ್ಮವರು ಬಂದು ಕಣ್ಣಾರೆ ನೋಡಲಿ.

ಹೆಡ್ ಕೆಲಸ ಮತ್ತು ಕೂಲಂಟಿನ 11,900, ಬುಷ್‌ಗಳ 2,200, ಒಟ್ಟು 14,100 ರೂಪಾಯಿಯನ್ನು ಈ ಪತ್ರ ತಲುಪಿದ 15 ದಿನಗಳೊಳಗೆ ನನ್ನ ಬ್ಯಾಂಕ್ ಖಾತೆಗೆ ಜಮೆ ಮಾಡಬೇಕು. ನನ್ನ ಒಪ್ಪಿಗೆ ಇಲ್ಲದೆ ಹೆಡ್ ಬಿಚ್ಚಿದ್ದು ಯಾಕೆಂದು ಲಿಖಿತ ಉತ್ತರವೂ ಬೇಕು. ಹೆಡ್ ಒಮ್ಮೆ ಬಿಚ್ಚಿ ಕೂರಿಸಿದ್ದೀರಿ. ಆ ಕೆಲಸದಿಂದ ಮುಂದೆ ಸೋರಿಕೆ ಬಂದರೆ ಒಂದು ವರ್ಷದವರೆಗೆ ಉಚಿತವಾಗಿ ಸರಿಪಡಿಸುತ್ತೇವೆಂದು ಆ ಉತ್ತರದಲ್ಲೇ ಬರೆದುಕೊಡಿ.

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇನೆ. ಅಲ್ಲೂ ಇತ್ಯರ್ಥವಾಗದಿದ್ದರೆ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯ ದೂರನ್ನು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಸಲ್ಲಿಸುತ್ತೇನೆ. ಐದು ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ. ಕಾಗದಪತ್ರಗಳನ್ನು ಜೋಡಿಸಿಟ್ಟುಕೊಂಡಿದ್ದೇನೆ.

ಇಂತಿ,
ತಮ್ಮ ಗ್ರಾಹಕಿ
(ಸಹಿ)

ಲಗತ್ತು: ಬಿಲ್ ಮತ್ತು ಜಾಬ್ ಕಾರ್ಡಿನ ಪ್ರತಿ, ರಿಲೇ ಖರೀದಿಯ ರಸೀದಿ, ಬುಷ್‌ಗಳ ಆರು ಫೋಟೋ