ಹತ್ತು ವರ್ಷ ನನ್ನೆದುರು ಕೂತವರಿಗೆ

ಥೆರಪಿಸ್ಟ್ ಆಗಿ ನನಗೆ ಈ ತಿಂಗಳು ಹತ್ತು ವರ್ಷ ತುಂಬಿತು. ಯಾರಿಗೆಲ್ಲ ಥ್ಯಾಂಕ್ಸ್ ಹೇಳಬೇಕು ಅಂತ ಯೋಚಿಸಿದರೆ, ಮೊದಲು ನೆನಪಾಗುವವರ ಹೆಸರನ್ನೇ ಬರೆಯುವ ಹಾಗಿಲ್ಲ. ನಮ್ಮ ಕೆಲಸವೇ ಹಾಗೆ, ಕೋಣೆಯಲ್ಲಿ ಕೇಳಿದ್ದು ಕೋಣೆಯಲ್ಲೇ ಇರಬೇಕು. ಕೆಳಗೆ ಇಬ್ಬರ ವಿಷಯ ಬರುತ್ತದೆ. ಇಬ್ಬರನ್ನೂ ಕೇಳಿ, ಅವರು ಒಪ್ಪಿದ ಮೇಲೆ, ಗುರುತು ಸಿಗದ ಹಾಗೆ ಬರೆದಿದ್ದೇನೆ.

ಶುರುವಿನಲ್ಲಿ ನನಗೆ ಆತುರ ಜಾಸ್ತಿ. ಎದುರಿಗಿದ್ದವರು ಮಾತು ಮುಗಿಸುವ ಮೊದಲೇ ನನ್ನ ತಲೆಯಲ್ಲಿ ಪರಿಹಾರ ರೆಡಿ ಇರುತ್ತಿತ್ತು. ಉಸಿರಾಟದ ಅಭ್ಯಾಸ, ನಿದ್ದೆಯ ವೇಳಾಪಟ್ಟಿ, ಯೋಚನೆಗಳನ್ನು ಬರೆದು ಪರೀಕ್ಷಿಸುವ ಹಾಳೆ. ಯಾವುದೂ ಕೆಟ್ಟದ್ದಲ್ಲ, ಈಗಲೂ ಬಳಸುತ್ತೇನೆ. ಆದರೆ ಆಗ ಅವನ್ನು ಕೊಡುತ್ತಿದ್ದದ್ದು ನನ್ನ ಸಮಾಧಾನಕ್ಕೆ. ಏನೋ ಸರಿಯಿಲ್ಲ ಅಂತ ಕಂಡ ತಕ್ಷಣ ಸರಿಮಾಡಲು ಹೊರಡುವ ಈ ಚಪಲದ ಬಗ್ಗೆ ಮನಶ್ಶಾಸ್ತ್ರಜ್ಞರಾದ ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರೋಲ್ನಿಕ್ ಎಚ್ಚರಿಸಿದ್ದಾರೆ. ಓದಿದ್ದೆ. ಆದರೂ ಅದು ನನ್ನಲ್ಲೇ ಇದೆ ಅಂತ ಗೊತ್ತಾಗಿರಲಿಲ್ಲ.

ಗೊತ್ತು ಮಾಡಿಸಿದ್ದು ವಯಸ್ಸಿನಲ್ಲಿ ನನಗಿಂತ ತುಂಬ ದೊಡ್ಡವರಾದ ಒಬ್ಬ ಹೆಂಗಸು. ನಾಲ್ಕನೇ ಸೆಷನ್ನಿನ ಮಧ್ಯೆ ಮಾತು ನಿಲ್ಲಿಸಿ, "ಮೇಡಂ, ನೀವು ಕೇಳ್ತಾ ಇಲ್ಲ. ನಿಮ್ಮ ಸರದಿ ಬರಲಿ ಅಂತ ಕಾಯ್ತಾ ಇದ್ದೀರಿ" ಅಂದರು. ನನ್ನ ಕಿವಿ ಬಿಸಿಯಾಯಿತು. ಸಮಜಾಯಿಷಿ ನಾಲಿಗೆಯ ತುದಿಗೇ ಬಂದಿತ್ತು. ಹೇಗೋ ತಡೆದು, "ಹೌದು, ನಿಜ. ಎಲ್ಲಿಂದ ನಾನು ಕೇಳೋದು ಬಿಟ್ಟೆ ಹೇಳ್ತೀರಾ?" ಅಂದೆ. ಅವರು ಹೇಳಿದರು, ಒಂದೊಂದಾಗಿ. ಮುಂದಿನ ವಾರವೂ ಬಂದರು. ಥೆರಪಿಯ ನಂಟು ಮೂರು ಸಂಗತಿಗಳ ಮೇಲೆ ನಿಂತಿದೆ ಅಂತ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಬರೆದರು: ಎಲ್ಲಿಗೆ ಹೋಗಬೇಕು ಅನ್ನುವುದರಲ್ಲಿ ಒಪ್ಪಿಗೆ, ಹೇಗೆ ಹೋಗಬೇಕು ಅನ್ನುವುದರಲ್ಲಿ ಒಪ್ಪಿಗೆ, ಇಬ್ಬರ ನಡುವಿನ ನಂಬಿಕೆ. ನಾನು ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಕಲಿತದ್ದು ಅವತ್ತು. ಅಮ್ಮಾ, ನೀವು ಸುಮ್ನೆ ಬರೋದು ನಿಲ್ಲಿಸಬಹುದಿತ್ತು. ನಿಲ್ಲಿಸದೆ ಹೇಳಿದಿರಲ್ಲ, ಅದಕ್ಕೆ ನಾನು ಋಣಿ.

ಇನ್ನೊಬ್ಬರು ಅಣ್ಣನನ್ನು ಕಳೆದುಕೊಂಡ ಹುಡುಗ. ಅವನ ಕಣ್ಣು ತುಂಬುತ್ತಿದ್ದ ಹಾಗೇ ನಾನು ಟಿಶ್ಯೂ ಡಬ್ಬಿಯನ್ನು ಅವನ ಕಡೆ ತಳ್ಳಿದೆ. ಅವನು ಕಣ್ಣೊರೆಸಿಕೊಂಡ, "ಸಾರಿ" ಅಂದ, ಆಫೀಸಿನ ವಿಷಯ ಶುರುಮಾಡಿದ. ಇದನ್ನು ನನ್ನ ಸೂಪರ್‌ವೈಸರ್‌ಗೆ, ಅಂದರೆ ನನ್ನ ಕೆಲಸದ ಬಗ್ಗೆ ಕೇಳಿ ದಾರಿ ತೋರಿಸುವ ಹಿರಿಯ ಥೆರಪಿಸ್ಟ್‌ಗೆ, ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಳು ನಿಲ್ಲಬೇಕಾಗಿದ್ದು ಅವನಿಗಾ, ನಿನಗಾ?" ಅವತ್ತಿನಿಂದ ಡಬ್ಬಿ ಎದುರಿನ ಕುರ್ಚಿಯ ಪಕ್ಕದಲ್ಲಿದೆ, ಕೂತವರ ಕೈಗೆ ಎಟುಕುವ ಹಾಗೆ. ನಾನು ಮುಟ್ಟುವುದಿಲ್ಲ. ಕೆಲವು ವಾರಗಳ ನಂತರ ಅವನು ಅತ್ತ. ತುಂಬ ಹೊತ್ತು ಅತ್ತ. ನಾನು ಏನೂ ಹೇಳಲಿಲ್ಲ. ಕೊನೆಗೆ ಒಂದು ಟಿಶ್ಯೂ ಎಳೆದು, ನಾಲ್ಕು ಮಡಿಕೆ ಮಾಡಿ, ಬಳಸದೇ ಜೇಬಿಗೆ ಹಾಕಿಕೊಂಡ. ಆ ಮಡಿಕೆ ಹಾಕಿದ ಬೆರಳುಗಳು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿವೆ.

ಸೂಪರ್‌ವೈಸರ್ ಅಂದರೆ ಹೊಸಬರಿಗೆ ಮಾತ್ರ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಹತ್ತು ವರ್ಷದ ನಂತರವೂ ನಾನು ಹೋಗುತ್ತೇನೆ. ಮೇಡಂ, ನೀವು ಒಮ್ಮೆಯೂ ನನ್ನನ್ನು ಸಣ್ಣವಳನ್ನಾಗಿ ಮಾಡಲಿಲ್ಲ. ಒಮ್ಮೆಯೂ ಸುಳ್ಳು ಸಮಾಧಾನ ಹೇಳಲಿಲ್ಲ.

ಆರನೇ ವರ್ಷ ಕಷ್ಟದ್ದು. ಕೇಳಿ ಕೇಳಿ ಮನಸ್ಸು ಮರಗಟ್ಟಿತ್ತು. ಯಾರೋ ಬಿಕ್ಕುತ್ತಿದ್ದರೆ ನಾನು ಗಡಿಯಾರ ನೋಡುತ್ತಿದ್ದೆ. ಬೇರೆಯವರ ನೋವಿಗೆ ದಿನವೂ ಕಿವಿಯಾಗುವವರಿಗೆ ಬರುವ ಇಂಥ ದಣಿವಿನ ಬಗ್ಗೆ ಮಾನಸಿಕ ಆಘಾತಗಳ ಸಂಶೋಧಕ ಚಾರ್ಲ್ಸ್ ಫಿಗ್ಲಿ 1990ರ ದಶಕದಲ್ಲೇ ಬರೆದಿದ್ದರು. ಹಾಗಿದ್ದರೂ ನನಗೆ ನಾಚಿಕೆಯೇ ಆಗಿತ್ತು. ಸೆಷನ್ ಕಡಿಮೆ ಮಾಡಿ, ನಾನೇ ಒಬ್ಬ ಥೆರಪಿಸ್ಟ್ ಹತ್ತಿರ ಹೋದೆ. ಮೊದಲ ದಿನವೇ ಒಂದು ಗಮನಿಸಿದೆ. ಗಡಿಯಾರ ನನ್ನ ಬೆನ್ನ ಹಿಂದಿತ್ತು, ಅವರಿಗೆ ಮಾತ್ರ ಕಾಣುತ್ತಿತ್ತು. ಇನ್ನೆಷ್ಟು ಹೊತ್ತಿದೆ ಅಂತ ತಿಳಿಯದೆ, ಹೇಳಬೇಕಾದ್ದನ್ನು ಶುರುಮಾಡಲೋ ಬೇಡವೋ ಅಂತ ಒದ್ದಾಡಿದೆ. ನನ್ನ ಕೋಣೆಯಲ್ಲೂ ಗಡಿಯಾರ ಅಲ್ಲೇ ಇತ್ತು ಅಲ್ವಾ? ವಾಪಸ್ ಬಂದವಳೇ ಎರಡನೇ ಗಡಿಯಾರ ಹಾಕಿದೆ, ಎದುರು ಕೂತವರಿಗೂ ಕಾಣುವ ಕಡೆ. ನನ್ನನ್ನು ಮತ್ತೆ ಕೇಳುವವಳನ್ನಾಗಿ ಮಾಡಿದ ಆ ಥೆರಪಿಸ್ಟ್‌ಗೆ ಈ ಥ್ಯಾಂಕ್ಸ್ ಎಷ್ಟು ಹೇಳಿದರೂ ಸಾಲದು.

ಏನೂ ಹೇಳದೆ ಬರುವುದು ನಿಲ್ಲಿಸಿದವರೂ ಇದ್ದಾರೆ. ನಿಮ್ಮಲ್ಲಿ ಕೆಲವರಿಗೆ ನಾನು ಸರಿಹೋಗಲಿಲ್ಲ. ಅದಕ್ಕೆ ಬೇಜಾರಿದೆ. ಸರಿಹೋಗುವವರು ಸಿಕ್ಕಿರಲಿ ಅಂತ ಮನಸಾರೆ ಬಯಸುತ್ತೇನೆ.

ಕೊನೆಗೆ ನನ್ನ ಗಂಡನಿಗೆ. ಹತ್ತು ವರ್ಷದಲ್ಲಿ ಒಂದು ಸಂಜೆಯೂ "ಇವತ್ತು ಯಾರು ಬಂದಿದ್ರು, ಏನಂದ್ರು" ಅಂತ ಕೇಳಲಿಲ್ಲ. ನಾನು ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿನಲ್ಲೇ ಇವತ್ತು ಮಾತು ಬೇಕೋ, ಸುಮ್ಮನೆ ಪಕ್ಕದಲ್ಲಿ ಕೂತರೆ ಸಾಕೋ ಅಂತ ನಿನಗೆ ತಿಳಿಯುತ್ತಿತ್ತು. ಅದು ಹೇಗೆ ಅಂತ ನನಗೆ ಈಗಲೂ ಗೊತ್ತಿಲ್ಲ.