ಕೊಡೆಯ ಲೆಕ್ಕ

ತಿಪಟೂರು
ಮಂಗಳವಾರ ರಾತ್ರಿ

ಪುಟ್ಟಿ,

ಫೋನಿನಲ್ಲಿ ನನ್ನ ದನಿ ಕೇಳಿದ ತಕ್ಷಣ "ಅಮ್ಮಂಗೆ ಕೊಡಿ" ಅಂತೀಯ. ಕಾಗದಕ್ಕೆ ಹಾಗೆ ಹೇಳೋಕೆ ಆಗಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬೀಗರ ಊಟದ ದಿನ ನಡೆದದ್ದನ್ನೆಲ್ಲ ಮತ್ತೆ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು, ಆ ಪಂಕ್ತಿಯಲ್ಲಿ ಕೂತಿದ್ದ ಅಷ್ಟೂ ಜನಕ್ಕೆ ಗೊತ್ತು. ನೀನು ಎಲೆ ಬಿಟ್ಟು ಎದ್ದು ಹೋದೆ. ಮುದ್ದೆ ಮುರಿದಿರಲೂ ಇಲ್ಲ. ನಿನ್ನ ತಮ್ಮನ ಹೊಸ ಹೆಂಡತಿ ನನ್ನ ಮುಖ ನೋಡಿದಳು, ನಾನು ಸಾರಿನ ಬಕೆಟ್ ನೋಡಿದೆ.

ನಾನು ಆಡಿದ ಒಂದು ಮಾತನ್ನು ಮಾತ್ರ ಮತ್ತೆ ಬರೆಯಬೇಕು. ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಸ್ಕೂಲಿನಲ್ಲೇ ಮರೆತಿದ್ರು ಅಂತ ನೀನು ಹೇಳಿದ್ದಕ್ಕೆ, "ಅದು ನೀನೇ ಹುಟ್ಟಿಸಿಕೊಂಡ ನೆನಪು. ನಿನ್ನ ಪುಸ್ತಕದಲ್ಲೇ ಇದೆ, ತೆಗೆದು ಓದು" ಅಂದೆ.

ನೀನು ಎಂ.ಎ. ಮಾಡುವಾಗ ಇಲ್ಲೇ ಬಿಟ್ಟುಹೋದ ಮನಶ್ಶಾಸ್ತ್ರದ ಪುಸ್ತಕಗಳನ್ನು ನಾನು ಓದುತ್ತಿರುವುದು ನಿನಗೆ ಗೊತ್ತಿರಲಿಲ್ಲ. ರಿಟೈರ್ ಆದವನಿಗೆ ಮಧ್ಯಾಹ್ನ ಬಹಳ ಉದ್ದ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ನಾಲ್ಕು ಪುಟ. ನಿನ್ನ ಪೆನ್ಸಿಲ್ ಗುರುತು ಇರುವಲ್ಲಿ ಎರಡೆರಡು ಸಲ ಓದುತ್ತೇನೆ. ಹಾಗೆ ಓದಿದ್ದನ್ನು ಊಟದ ಪಂಕ್ತಿಯಲ್ಲಿ ನಿನ್ನ ತಲೆಗೇ ಹೊಡೆದೆ. ಅದೂ ಅರ್ಧಂಬರ್ಧ ಓದಿದ್ದು.

ಆಮೇಲೆ ಅದೇ ಪುಟ ಮತ್ತೆ ತೆಗೆದೆ. ನೆನಪಿನ ಮೇಲಿನ ಒಂದು ಪ್ರಯೋಗ, 1995ರದ್ದು, ಎಲಿಜಬೆತ್ ಲಾಫ್ಟಸ್ ಮತ್ತು ಪಿಕ್ರೆಲ್ ಮಾಡಿದ್ದು. 24 ಜನಕ್ಕೆ ಅವರವರ ಬಾಲ್ಯದ ನಾಲ್ಕು ಕಥೆ ಕೊಟ್ಟರು. ಮೂರು ನಿಜ, ಮನೆಯವರನ್ನು ಕೇಳಿ ತಿಳಿದದ್ದು. ನಾಲ್ಕನೆಯದು ಸುಳ್ಳು. ಚಿಕ್ಕವರಿದ್ದಾಗ ಮಾಲ್‌ನಲ್ಲಿ ತಪ್ಪಿಸಿಕೊಂಡು ಅಳುತ್ತಿದ್ದಿರಿ, ಯಾರೋ ವಯಸ್ಸಾದವರು ಸಮಾಧಾನ ಮಾಡಿ ಮನೆಯವರ ಹತ್ತಿರ ಸೇರಿಸಿದರು ಅಂತ. ನಡೆದೇ ಇರದ ಆ ಕಥೆ ಪೂರ್ತಿಯಾಗಿಯೋ ಅರೆಬರೆಯಾಗಿಯೋ ತಮಗೆ ನೆನಪಿದೆ ಅಂತ ಕೊನೆಯವರೆಗೂ ಹೇಳಿದವರು 6 ಜನ. ನಾನು ಈ 6ನ್ನು ಹಿಡಿದುಕೊಂಡು ಕುಣಿದೆ. ಮೂವತ್ತೈದು ವರ್ಷ ಕ್ಯಾಷಿಯರ್ ಆಗಿದ್ದವನಿಗೆ 24ರಲ್ಲಿ 6 ಕಳೆದರೆ 18 ಅಂತ ಹೊಳೆಯಲಿಲ್ಲ. 18 ಜನ ಇಲ್ಲಪ್ಪ, ಹಾಗೇನೂ ಆಗಿಲ್ಲ ಅಂದಿದ್ದರು. ಮತ್ತೆ ಅಲ್ಲಿ ಕಥೆ ತಂದುಕೊಟ್ಟವರು ಬೇರೆಯವರು. ನಿನಗೆ ಯಾರು ತಂದುಕೊಟ್ಟರು? ನಿಮ್ಮಮ್ಮ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮನೆಯಲ್ಲಿ ಇದ್ದವರು ನಾವಿಬ್ಬರೇ.

ಇನ್ನು ನನ್ನ ನೆನಪು. ಇದನ್ನು ಪೂರ್ತಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಸಣ್ಣ ಮಳೆ. ನಾನು ಕೊಡೆ ಹಿಡಿದು ಸ್ಕೂಲ್ ಗೇಟಿನ ಹತ್ತಿರ ಬರುತ್ತಿದ್ದೇನೆ. ಮರದ ಹಿಡಿಯ ಕರೀ ಕೊಡೆ, ಒಂದು ಕಡ್ಡಿ ಮುರಿದು ಆ ಕಡೆ ಬಟ್ಟೆ ಜೋತುಬಿದ್ದಿದೆ. ನೀನು ವಾಚ್‌ಮನ್ ಸ್ಟೂಲ್ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದೀಯ. ಸಿಪ್ಪೆ ಎಲ್ಲ ಲಂಗದ ಮಡಿಲಲ್ಲಿ. ನನ್ನನ್ನು ನೋಡಿ ನಕ್ಕು, ಸಿಪ್ಪೆ ಕೊಡವಿ, ಕೊಡೆಯೊಳಗೆ ಓಡಿ ಬರುತ್ತೀಯ. ಮುರಿದ ಕಡ್ಡಿಯ ಕಡೆಯಿಂದ ನಿನ್ನ ಎಡಭುಜದ ಮೇಲೆ ನೀರು ತೊಟ್ಟಿಕ್ಕುತ್ತದೆ, ನಾನು ಕೊಡೆ ತಿರುಗಿಸುತ್ತೇನೆ. ಅರ್ಧ ಗಂಟೆ ತಡ ಆಗಿರಬೇಕು, ಅಷ್ಟೇ.

ಇಷ್ಟು ಚೆನ್ನಾಗಿ ಕಾಣುತ್ತದಲ್ಲ, ಹಾಗಾದರೆ ಇದೇ ನಿಜ ಅಂದುಕೊಂಡಿದ್ದೆ. ನೀನು "ಅಪ್ಪ ನನ್ನ ಮರೆತೇಬಿಟ್ಟಿದ್ರು, ಕತ್ತಲಾಗೋ ತನಕ ಗೇಟಲ್ಲಿ ನಿಂತಿದ್ದೆ" ಅಂತ ನಗುನಗುತ್ತಲೇ ಬೀಗರಿಗೆ ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು. ನೀನು ನಗುತ್ತಿದ್ದೆ ಅನ್ನುವುದೂ ನನಗೆ ಈಗಲೇ ಹೊಳೆಯುತ್ತಿರುವುದು.

ನಿನ್ನೆ ಅಟ್ಟ ಹತ್ತಿ ಮನೆಲೆಕ್ಕದ ಪುಸ್ತಕಗಳನ್ನು ಇಳಿಸಿದೆ. ನಿಮ್ಮಮ್ಮ ಕೆಳಗೆ ನಿಂತು ಬೈಯುತ್ತಲೇ ಏಣಿ ಹಿಡಿದಿದ್ದಳು. ಲೆಕ್ಕ ಬರೆಯುವುದು ಯಾವಾಗಲೂ ಅವಳೇ. ಅವಳು ತವರಲ್ಲಿದ್ದ ಆ ಕೆಲವು ತಿಂಗಳು ಮಾತ್ರ ನನ್ನ ಅಕ್ಷರ. 1996ರ ಜುಲೈ 20, ಶನಿವಾರ. ಹೀಗಿದೆ:

ಹಾಲು 5
ಕ್ಯಾಷ್ ಕೊರತೆ 500
ಆಟೋ 10
ಬೆಣ್ಣೆ ಬಿಸ್ಕತ್ತು 3

ಕೊಡೆ ಎಲ್ಲಿ ಬಂತು ಅಂತ ಮುಂದಕ್ಕೆ ಹುಡುಕಿದೆ. 1998ರ ಜೂನ್‌ನಲ್ಲಿ ಸಿಕ್ಕಿತು, ನಿಮ್ಮಮ್ಮನ ಅಕ್ಷರದಲ್ಲಿ: "ಇವರಿಗೆ ಕೊಡೆ 85." ಅದಕ್ಕೆ ಮೊದಲು ನನಗೆ ಕೊಡೆಯೇ ಇರಲಿಲ್ಲ. ಸೈಕಲ್ ಮೇಲೆ ರೇನ್‌ಕೋಟ್ ಹಾಕಿಕೊಂಡು ಓಡಾಡುತ್ತಿದ್ದೆ. ಅಂದರೆ ಆ ಕೊಡೆ, ಆ ಕಡಲೆಕಾಯಿ, ಆ ನಗು ಎಲ್ಲ ನೀನು ನಾಲ್ಕನೇ ಕ್ಲಾಸಿಗೋ ಐದನೇ ಕ್ಲಾಸಿಗೋ ಬಂದ ಮೇಲಿನದು. ಯಾವುದೋ ಒಳ್ಳೆ ದಿನವನ್ನು ತಂದು ಆ ಶನಿವಾರದ ಮೇಲೆ ಅಂಟಿಸಿದ್ದೇನೆ. ಯಾವಾಗ ಅಂಟಿಸಿದೆನೋ ಗೊತ್ತಿಲ್ಲ.

ಲೆಕ್ಕ ನೋಡಿದ ಮೇಲೂ ಕಣ್ಣು ಮುಚ್ಚಿದರೆ ಕೊಡೆಯೇ ಬರುತ್ತದೆ, ಪುಟ್ಟಿ. ನೀನು ಪುಸ್ತಕದ ಅಂಚಿನಲ್ಲಿ ಬಾಣದ ತುದಿಯ ಎರಡು ಗೆರೆ ಎಳೆದಿದ್ದೀಯ ನೋಡು, ಕಣ್ಣಿಗೆ ಮೋಸ ಮಾಡುವ ಮುಲ್ಲರ್ ಲಯರ್ ಚಿತ್ರ ಅಂತ. ಅಳತೆಪಟ್ಟಿ ಇಟ್ಟೆ, ಎರಡೂ ಒಂದೇ. ಪಟ್ಟಿ ತೆಗೆದರೆ ಮತ್ತೆ ಒಂದು ಉದ್ದ, ಒಂದು ಗಿಡ್ಡ. ಹಾಗೇ ಇದೂ.

ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಪುಟಕ್ಕೂ ನೀನು ಗುರುತು ಹಾಕಿದ್ದೀಯ. 1986ರ ಜನವರಿ 28ರಂದು ಅದು ಆಕಾಶದಲ್ಲೇ ಒಡೆದುಹೋಯಿತಲ್ಲ. ಮಾರನೇ ದಿನವೇ ನೈಸರ್ ಅನ್ನುವ ಮೇಷ್ಟ್ರು ಕಾಲೇಜು ಹುಡುಗರ ಕೈಲಿ ಬರೆಸಿಟ್ಟುಕೊಂಡರು: ಸುದ್ದಿ ಎಲ್ಲಿ ಕೇಳಿದಿರಿ, ಯಾರು ಹೇಳಿದರು, ಆಗ ಏನು ಮಾಡುತ್ತಿದ್ದಿರಿ. ಎರಡೂವರೆ ವರ್ಷ ಬಿಟ್ಟು ಅವರಲ್ಲಿ 44 ಜನರನ್ನು ಮತ್ತೆ ಅದನ್ನೇ ಕೇಳಿದರು. ಮೊದಲು ಬರೆದದ್ದಕ್ಕೆ ಎಷ್ಟು ಹೊಂದುತ್ತದೆ ಅಂತ ನೋಡಿದರೆ 7 ಅಂಕಕ್ಕೆ ಸರಾಸರಿ 3 ಕೂಡ ಇಲ್ಲ. 11 ಜನಕ್ಕೆ ಸೊನ್ನೆ. ತಮ್ಮ ನೆನಪೇ ಸರಿ ಅನ್ನುವ ಧೈರ್ಯಕ್ಕೆ ಮಾತ್ರ ಏನೂ ಕಮ್ಮಿ ಇರಲಿಲ್ಲ. ಅವರವರ ಕೈಬರಹವನ್ನೇ ಮುಂದೆ ಇಟ್ಟರೂ ಹಳೆಯ ನೆನಪು ವಾಪಸ್ ಬರಲಿಲ್ಲವಂತೆ. ಮೊದಲ ಸಲ ಓದಿದಾಗ ಎಂಥ ದಡ್ಡರು ಅಂದುಕೊಂಡಿದ್ದೆ. ನಿನ್ನೆ ರಾತ್ರಿ ನನ್ನ ಅಕ್ಷರವನ್ನೇ ಮುಂದಿಟ್ಟುಕೊಂಡು ಹಾಲ್‌ನಲ್ಲಿ ಕೂತಿದ್ದೆ. ನಿಮ್ಮಮ್ಮ ದೀಪ ಆರಿಸಿ ಹೋದಳು.

ಆ 500 ರೂಪಾಯಿ ಮಾತ್ರ ಈಗ ನೆನಪಾಗುತ್ತಿದೆ. ನೆನಪೋ, ಲೆಕ್ಕ ನೋಡಿ ನಾನೇ ಕಟ್ಟುತ್ತಿರುವುದೋ, ಆಣೆ ಮಾಡಿ ಹೇಳಲಾರೆ. ಶನಿವಾರ ಕೌಂಟರ್ ಹನ್ನೆರಡಕ್ಕೆ ಮುಚ್ಚುತ್ತಿತ್ತು. ನಿನ್ನ ಸ್ಕೂಲ್ ಬಿಡುವುದು ಹನ್ನೆರಡೂವರೆಗೆ. ಒಂದು ಗಂಟೆಗೆ ಬರ್ತೀನಿ, ಗೇಟಿನ ಒಳಗೇ ಇರು ಅಂತ ಹೇಳಿದ್ದೆ. ಬ್ಯಾಂಕಿನ ಕ್ಯಾಷ್ ಟ್ಯಾಲಿ ಆಗಲಿಲ್ಲ, 500 ಕಮ್ಮಿ ಬಂತು. ಆಗ ನೋಟಿನ ಕಟ್ಟಿಗೆ ಪಿನ್ ಹೊಡೆಯುತ್ತಿದ್ದರು. ಒಂದೊಂದೇ ಪಿನ್ ಕಿತ್ತು, ಸ್ಪಂಜಿಗೆ ಬೆರಳು ಒತ್ತಿ, ಮತ್ತೆ ಮೊದಲಿಂದ ಎಣಿಸಿದೆ. ಅವತ್ತಿನ ಹಣದ ಪಟ್ಟಿ, ಆ ಸ್ಕ್ರೋಲ್ ಕೂಡಿಸಿದೆ. ಡ್ರಾಯರ್ ಹೊರಗೆ ಎಳೆದು ಹಿಂದೆ ಕೈ ಹಾಕಿ ನೋಡಿದೆ. ಸ್ಪಂಜಿನ ಬಟ್ಟಲು ಒಣಗಿತ್ತು, ಇಬ್ಬರ ಕೈಲಿ ನೀರು ಕೇಳಿದೆ. ನೀನು ನೆನಪಾಗಲಿಲ್ಲ.

ಇದಕ್ಕೂ ನಿನ್ನ ಪುಸ್ತಕದಲ್ಲಿ ಒಂದು ಚಿತ್ರ ಇದೆ. ಸೈಮನ್ಸ್, ಚಾಬ್ರಿಸ್, 1999. ಬಿಳಿ ಅಂಗಿಯವರು ಚೆಂಡನ್ನು ಎಷ್ಟು ಸಲ ದಾಟಿಸಿದರು ಅಂತ ಎಣಿಸಿ ಅಂದರು. ನಡುವೆ ಗೊರಿಲ್ಲಾ ವೇಷ ತೊಟ್ಟು ಒಬ್ಬರು ನಡೆದು ಹೋಗುತ್ತಾರೆ. ಎಣಿಸುತ್ತಾ ಕೂತವರಲ್ಲಿ ಹೆಚ್ಚುಕಮ್ಮಿ ಅರ್ಧ ಜನ ಅದನ್ನು ನೋಡಲೇ ಇಲ್ಲ. ನೀನು ಹೇಳಬಹುದು: ಅಪ್ಪ, ಅದು ಕಣ್ಣ ಮುಂದಿರುವುದನ್ನು ಕಾಣದಿರುವುದು, ನಿಮ್ಮದು ಮಾಡಬೇಕಾದದ್ದನ್ನು ಮರೆತಿದ್ದು, ಎರಡೂ ಬೇರೆ ಬೇರೆ ಅಧ್ಯಾಯ ಅಂತ. ಸರಿ, ಬೇರೆ. ಆದರೆ ಎಣಿಸುತ್ತಾ ಇದ್ದವನು ನಾನೇ ತಾನೆ.

ಆಮೇಲೆ ಸೈಕಲ್ ಬ್ಯಾಂಕಿನಲ್ಲೇ ಬಿಟ್ಟು ಆಟೋ ಹತ್ತಿದ್ದೇನೆ. ಆ ಕಾಲದಲ್ಲಿ ಹತ್ತು ರೂಪಾಯಿ ಆಟೋಗೆ ಕೊಡುವವನಲ್ಲ ನಾನು, ನಿನಗೆ ಗೊತ್ತು. ಎಷ್ಟು ಹೆದರಿದ್ದೆ ಅನ್ನುವುದಕ್ಕೆ ಈಗ ಉಳಿದಿರುವ ಸಾಕ್ಷಿ ಅದೊಂದೇ.

ಕತ್ತಲಾಗಿತ್ತು ಅಂದೆಯಲ್ಲ, ಅದು ಮಾತ್ರ ಸ್ವಲ್ಪ ಜಾಸ್ತಿ ಆಯ್ತು ಅನಿಸುತ್ತೆ. ಜುಲೈನಲ್ಲಿ ಏಳು ಗಂಟೆಯ ಹತ್ತಿರದವರೆಗೂ ಬೆಳಕಿರುತ್ತದೆ, ಶನಿವಾರ ಅಷ್ಟು ಹೊತ್ತು ನಮ್ಮ ಬ್ರಾಂಚ್... ನೋಡು, ಮತ್ತೆ ಶುರು ಮಾಡಿದೆ. ಹೊಡೆದುಹಾಕೋಣ ಅಂದರೆ ನೀನು ಕಾಗದ ಬೆಳಕಿಗೆ ಹಿಡಿದು ಓದುತ್ತೀಯ. ಇರಲಿ ಬಿಡು. ಐದು ಗಂಟೆಯೇ ಆಗಿರಲಿ. ನೀನು ಎರಡನೇ ಕ್ಲಾಸಿನಲ್ಲಿದ್ದೆ. ನನ್ನದು ತಪ್ಪು. ಮರೆತದ್ದು ಒಂದು ತಪ್ಪು, ಅಷ್ಟು ಜನರ ಮುಂದೆ ನಿನ್ನನ್ನು ಸುಳ್ಳಿ ಮಾಡಿದ್ದು ಅದಕ್ಕಿಂತ ದೊಡ್ಡದು.

ಒಂದನೇ ತಾರೀಕು ಧಾರವಾಡದಲ್ಲಿ ಕೆಲಸಕ್ಕೆ ಸೇರುತ್ತೀಯ ಅಂತ ನಿಮ್ಮಮ್ಮ ಹೇಳಿದಳು. ಮಕ್ಕಳನ್ನು ಕೂರಿಸಿಕೊಂಡು ಮಾತಾಡಿಸುವ ಕೆಲಸ. ಆಫೀಸಿನ ಒಳ್ಳೆ ಸಂಬಳ ಬಿಟ್ಟು ಮೂವತ್ತು ದಾಟಿದ ಮೇಲೆ ಮತ್ತೆ ಓದೋಕೆ ಕೂತಾಗ ನಾನು ಏನೇನು ಅಂದೆ ಅನ್ನುವುದಕ್ಕೆ ಲೆಕ್ಕದ ಪುಸ್ತಕ ಬೇಕಿಲ್ಲ, ಚೆನ್ನಾಗಿಯೇ ನೆನಪಿದೆ. ಈಗ ವಾಕಿಂಗ್ ಹೋದ ಕಡೆಯೆಲ್ಲ ಹೇಳಿಕೊಂಡು ಬರುತ್ತೇನೆ. ಕೇಳುವವರಿಗೆ ಬೇಜಾರು ಬಂದಿದೆ.

ಅಲ್ಲಿ ಬರುವ ಮಕ್ಕಳಿಗೆ ಪ್ರಶ್ನೆ ಕೇಳುವಾಗ ಹುಷಾರು. ಲಾಫ್ಟಸ್ ಅವರೇ 1974ರಲ್ಲಿ ತೋರಿಸಿದ್ದಲ್ವಾ. ಕಾರುಗಳ ಅಪಘಾತದ ಫಿಲ್ಮ್ ತೋರಿಸಿ, ಒಬ್ಬರಿಗೆ "ಗುದ್ದಿದಾಗ" ಎಷ್ಟು ಸ್ಪೀಡ್ ಇತ್ತು ಅಂತ, ಇನ್ನೊಬ್ಬರಿಗೆ "ಅಪ್ಪಳಿಸಿದಾಗ" ಎಷ್ಟಿತ್ತು ಅಂತ ಕೇಳಿದರು. ವಾರ ಬಿಟ್ಟು ಒಡೆದ ಗಾಜು ನೋಡಿದಿರಾ ಅಂದರೆ, ಅಪ್ಪಳಿಸಿದ ಮಾತು ಕೇಳಿದ 50 ಜನರಲ್ಲಿ 16 ಮಂದಿ ಹೌದು ಅಂದರು. ಗುದ್ದಿದ ಮಾತು ಕೇಳಿದವರಲ್ಲಿ 7. ಫಿಲ್ಮ್‌ನಲ್ಲಿ ಗಾಜೇ ಒಡೆದಿರಲಿಲ್ಲ. ಅದಕ್ಕೇ ಮಗುವಿನ ಬಾಯಿಗೆ ನಿನ್ನ ಮಾತು ಇಡಬೇಡ. ಹೊಡೆದರಾ, ಹೆದರಿಸಿದರಾ ಅಂತ ಕೇಳಬೇಡ. ಏನಾಯ್ತು ಅಂತ ಕೇಳು, ಕೇಳಿ ಸುಮ್ನೆ ಕೂತುಕೋ. ಮಗು ಸುಮ್ಮನಿದ್ದರೆ ನೀನೂ ಸುಮ್ಮನಿರು. ಅಂದದ್ದನ್ನು ಅವತ್ತೇ ಬರೆದಿಡು, ನಾಳೆ ಬರೆದರಾಯ್ತು ಅನ್ನಬೇಡ. ಬರೆದಿದ್ದಕ್ಕೆ ತಾರೀಕು ಹಾಕು. ಮತ್ತೆ ಮಧ್ಯಾಹ್ನದ ಊಟ ಬಿಡಬೇಡ, ಅಲ್ಲಿ ರೊಟ್ಟಿ ಖಾರ, ನಿನ್ನ ಹೊಟ್ಟೆಗೆ ಮಜ್ಜಿಗೆ ಬೇಕು. ಈ ಪಾಠವನ್ನೆಲ್ಲ ನಿನ್ನ ನೋಟ್ಸಿನಿಂದಲೇ ಕದ್ದು ನಿನಗೇ ಮಾಡುತ್ತಿದ್ದೇನೆ, ಗೊತ್ತು.

ನಿಮ್ಮಜ್ಜಿ ಕೊನೆಕೊನೆಗೆ ನನ್ನನ್ನು ಅವಳ ಅಣ್ಣ ಅಂದುಕೊಂಡಿದ್ದಳಲ್ಲ. ನನಗೂ ಹಾಗಾದರೆ ಅಂತ ಒಂದೊಂದು ಸಲ ಭಯ ಆಗುತ್ತೆ. ಆದರೆ ಮರೆತುಹೋದದ್ದಾದರೆ ಖಾಲಿಯಾಗಿ ಕಾಣುತ್ತದೆ. ಈ ಕೊಡೆ ಹಾಗಲ್ಲ, ಇಷ್ಟು ವರ್ಷ ಬಣ್ಣ ಮಾಸದೆ ಕೂತಿತ್ತು. ಇಂಥವು ಇನ್ನೆಷ್ಟಿವೆಯೋ ಅಂತ ನಿನ್ನೆ ನಿದ್ದೆ ಬರಲಿಲ್ಲ.

ಲೆಕ್ಕದ ಪುಸ್ತಕದ ಎರಡೂ ಪುಟದ ಜೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ. ಚಟ್ನಿಪುಡಿ ಡಬ್ಬಿ ಬೇರೆ ಬರುತ್ತದೆ, ಖಾಲಿ ಡಬ್ಬಿ ಜೋಪಾನ, ನಿಮ್ಮಮ್ಮ ಲೆಕ್ಕ ಕೇಳುತ್ತಾಳೆ.

ಒಂದು ಉಳಿಯಿತು. ಆಟೋ 10, ಬಿಸ್ಕತ್ತು 3. ಇವೆರಡರ ನಡುವೆ ನನ್ನ ಹತ್ತಿರ ಏನೂ ಇಲ್ಲ. ಕೊಡೆಯ ಚಿತ್ರವನ್ನು ಪಕ್ಕಕ್ಕೆ ಸರಿಸಿದರೆ ಅಲ್ಲಿ ಬರೀ ಕತ್ತಲು. ಬಿಸ್ಕತ್ತು ನೀನು ಕೇಳಿದ್ದೋ, ನಾನೇ ತೆಗೆದುಕೊಟ್ಟದ್ದೋ. 500 ರೂಪಾಯಿ ಕಳೆದುಕೊಂಡ ಸಿಟ್ಟಿನಲ್ಲಿ ನಿನ್ನ ಮೇಲೆ ಕೂಗಾಡಿದೆನಾ? ಕೈ ಎತ್ತಿದೆನಾ?

ಹೀಗೆ ಕೇಳಬಾರದು ಅಲ್ವಾ.

ಆಟೋದಲ್ಲಿ ಏನಾಯ್ತು, ಪುಟ್ಟಿ?

ಅಪ್ಪ