ಬಿಡುಗಡೆಯ ದಿನ ಗೇಟಿನ ಹೊರಗೆ ಯಾರಿರುತ್ತಾರೆ?

ಮಾನ್ಯ ಗೃಹ ಸಚಿವರಿಗೆ,

ನಮಸ್ಕಾರ. ನಾನು ನಿವೃತ್ತ ಕನ್ನಡ ಮೇಷ್ಟ್ರು. ಹನ್ನೊಂದು ವರ್ಷಗಳಿಂದ ನಮ್ಮ ಚರ್ಚಿನ ಗುರುಗಳ ಜೊತೆ ತಿಂಗಳಿಗೆ ಎರಡು ಶನಿವಾರ ಜಿಲ್ಲಾ ಕಾರಾಗೃಹವೊಂದಕ್ಕೆ ಹೋಗುತ್ತಿದ್ದೇನೆ. ಗುರುಗಳು ಪ್ರಾರ್ಥನೆ ನಡೆಸುತ್ತಾರೆ, ನಾನು ಓದುಬರಹ ಬಾರದವರಿಗೆ ಕಾಗದ ಬರೆದುಕೊಡುತ್ತೇನೆ. ನನ್ನ ಮುಂದಿನ ಸಾಲೇ ಉದ್ದವೆಂದು ಗುರುಗಳು ತಮಾಷೆ ಮಾಡುವುದುಂಟು.

ಆ ಕಾಗದಗಳಲ್ಲಿ ಪಶ್ಚಾತ್ತಾಪದ ಮಾತು ಕಡಿಮೆ. ಮಗಳ ಶಾಲೆ, ಮನೆ ಸೋರುವುದು, ಸೊಸೈಟಿ ಸಾಲ, ಇಂಥವೇ ಹೆಚ್ಚು. ಒಬ್ಬಾತ ತನ್ನ ಹಸು ಕರು ಹಾಕಿತೇ ಎಂದು ಮೂರು ಕಾಗದಗಳಲ್ಲಿ ಕೇಳಿಸಿದ. ಉತ್ತರ ಬರಲಿಲ್ಲ. ನಾಲ್ಕನೆಯ ಸಲ ಸಾಲಿನಲ್ಲಿ ನಿಂತವನು, ತನ್ನ ಸರದಿ ಬಂದಾಗ ‘ಬೇಡ ಬಿಡಿ ಮೇಷ್ಟ್ರೇ’ ಎಂದು ಎದ್ದುಹೋದ. ಜೈಲಿನಲ್ಲಿ ನಾನು ನೋಡಿದ ಅತ್ಯಂತ ಕಠಿಣ ಶಿಕ್ಷೆ ಅದು. ಅದನ್ನು ಯಾವ ನ್ಯಾಯಾಧೀಶರೂ ವಿಧಿಸಿರಲಿಲ್ಲ.

ನಮ್ಮಂಥವರ ಮೇಲೆ ಒಂದು ಅನುಮಾನವಿದೆ, ಅದನ್ನು ಮುಚ್ಚಿಡುವುದಿಲ್ಲ. ಜೈಲಿಗೆ ಹೋಗುವುದು ಮತಾಂತರಕ್ಕೆ ಎನ್ನುತ್ತಾರೆ. ಬ್ಯಾರಕ್‌ನಲ್ಲಿ ಬೈಬಲ್ ಹಿಡಿದವರೆಲ್ಲ ಬದಲಾದವರೆಂದು ನಾನೂ ನಂಬುವುದಿಲ್ಲ. ಸನ್ನಡತೆಯ ಪಟ್ಟಿಯಲ್ಲಿ ಹೆಸರು ಬರಲೆಂದು ಕಣ್ಣು ಮುಚ್ಚಿ ಕೂರುವವರನ್ನು ನಲವತ್ತು ವರ್ಷ ಪರೀಕ್ಷಾ ಕೊಠಡಿ ಕಾಯ್ದ ಮೇಷ್ಟ್ರು ಗುರುತಿಸಲಾರನೇ? ಆದರೆ ಸೆರೆಯಲ್ಲಿದ್ದವನನ್ನು ನೋಡಲು ಹೋಗಿ ಎಂದು ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ಹೇಳುತ್ತದೆ. ಅವನ ಧರ್ಮ ಯಾವುದೆಂದು ವಿಚಾರಿಸಿ ಎಂದು ಅಲ್ಲಿ ಬರೆದಿಲ್ಲ.

ಸಿಸ್ಟರ್ ರಾಣಿ ಮರಿಯಾ ಅವರ ಪ್ರಕರಣವನ್ನು ತಾವು ಕೇಳಿರಬಹುದು. ಕೇರಳದ ಈ ಕ್ರೈಸ್ತ ಸನ್ಯಾಸಿನಿ ಮಧ್ಯಪ್ರದೇಶದ ಉದಯನಗರದಲ್ಲಿ ಆದಿವಾಸಿಗಳ ನಡುವೆ ಕೆಲಸ ಮಾಡುತ್ತಿದ್ದರು. ಅವರು ಲೇವಾದೇವಿಗಾರರ ಕಣ್ಣಿಗೆ ಮುಳ್ಳಾದರು. 1995ರ ಫೆಬ್ರುವರಿ 25ರಂದು ಇಂದೋರಿಗೆ ಹೊರಟ ಬಸ್ಸಿನಲ್ಲಿ ಒಬ್ಬ ಯುವಕ ಅವರನ್ನು ಇರಿದು ಕೊಂದ. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. 2002ರಲ್ಲಿ, ಕೊಲೆಯಾದವರ ತಂಗಿ, ಅವರೂ ಸನ್ಯಾಸಿನಿಯೇ, ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಅವನ ಬಿಡುಗಡೆಗಾಗಿ ಕೊಲೆಯಾದವರ ಮನೆಯವರೇ ಸಹಿ ಹಾಕಿಕೊಟ್ಟರು. 2006ರಲ್ಲಿ ಅವನು ಹೊರಬಂದ. ಆಮೇಲೆ ಕೇರಳದ ಆ ಮನೆಗೆ ಹೋಗಿ, ಮಗಳನ್ನು ಕಳೆದುಕೊಂಡ ತಾಯಿಯ ಎದುರು ನಿಂತ. ಆ ತಾಯಿ ಅವನನ್ನು ಮಗನಂತೆ ಬರಮಾಡಿಕೊಂಡರು.

ಈ ಕಥೆ ಹೇಳುವಾಗ ಎಲ್ಲರೂ ಕ್ಷಮೆಯನ್ನು ಹೊಗಳುತ್ತಾರೆ. ನನ್ನ ಕಣ್ಣು ಹೋಗುವುದು ಬೇರೆ ಕಡೆಗೆ. ಹೊರಗೆ ಬಂದವನಿಗೆ ಹೋಗಲು ಒಂದು ಮನೆಯಿತ್ತು.

ನಮ್ಮ ಜೈಲಿನಿಂದ ಹೊರಬರುವ ಹಲವರಿಗೆ ಅದೂ ಇಲ್ಲ. ಕೋರ್ಟಿನ ಆದೇಶ ಸಂಜೆ ತಲುಪುತ್ತದೆ, ಕಾಗದಪತ್ರ ಮುಗಿಯುವಷ್ಟರಲ್ಲಿ ಕತ್ತಲು. ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗ ಹೀಗೆ ರಾತ್ರಿ ಹೊರಬಂದು ಬಸ್ ನಿಲ್ದಾಣದಲ್ಲಿ ಮಲಗಿದ. ಬೆಳಿಗ್ಗೆ ಅವನನ್ನು ಹುಡುಕಿಕೊಂಡು ಬಂದವರು ಮನೆಯವರಲ್ಲ, ಹಳೆಯ ಗುಂಪಿನವರು. ಅವರಿಗೆ ಸುದ್ದಿ ಹೇಗೆ ಸಿಕ್ಕಿತೋ! ನಮಗೆ ತಿಳಿದದ್ದು ಮುಂದಿನ ಶನಿವಾರ. ಎರಡು ತಿಂಗಳಲ್ಲಿ ಅವನು ಅದೇ ಬ್ಯಾರಕ್‌ಗೆ ಮರಳಿದ. ಒಳಗೆ ಒಂದೂವರೆ ವರ್ಷ ನನ್ನಿಂದ ಅಕ್ಷರ ಕಲಿತಿದ್ದ.

ಆದ್ದರಿಂದ ಪ್ರಾರ್ಥನೆಗೆ ಹೆಚ್ಚು ಸಮಯ ಕೊಡಿ ಎಂದು ನಾನು ಕೇಳುತ್ತಿಲ್ಲ. ಇಲಾಖೆಯ ಅನುಮತಿ ಪಡೆದ ಸ್ವಯಂಸೇವಕರಿಗೆ, ಅವರು ಚರ್ಚಿನವರಿರಲಿ, ಮಠದವರಿರಲಿ, ಮಸೀದಿಯವರಿರಲಿ, ಕೈದಿ ಒಪ್ಪಿದರೆ ಅವನ ಬಿಡುಗಡೆಯ ಸುದ್ದಿಯನ್ನು ಅಂದೇ ಫೋನಿನಲ್ಲಿ ತಿಳಿಸುವಂತೆ ಒಂದು ಸುತ್ತೋಲೆ ಹೊರಡಿಸಿ. ಇದಕ್ಕೆ ಬಜೆಟ್ ಬೇಕಿಲ್ಲ.

ಇನ್ನೊಂದು ಮಾತು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. ಜಾಮೀನು ಸಿಕ್ಕರೂ ಹಣವಿಲ್ಲದೆ ಒಳಗೇ ಉಳಿದ ಬಡವರಿಗೆ ಹಣದ ನೆರವು ಕೊಡುವ ಕೇಂದ್ರದ ಯೋಜನೆ 2023ರಿಂದ ಇದೆ. ನಾನು ಕಾಗದ ಬರೆದುಕೊಡುವವರಲ್ಲಿ ಅದರ ಹೆಸರು ಕೇಳಿದವರು ಒಬ್ಬರೂ ಸಿಕ್ಕಿಲ್ಲ. ಪ್ರತಿ ಬ್ಯಾರಕ್‌ನ ಗೋಡೆಯ ಮೇಲೆ ಅದನ್ನು ಕನ್ನಡದಲ್ಲಿ ಬರೆಸಿ. ಓದಲು ಬಾರದವರಿಗೆ ನಾನು ಓದಿ ಹೇಳುತ್ತೇನೆ.

ಆಗಸ್ಟ್ 15ಕ್ಕೆ ಸನ್ನಡತೆಯ ಮೇಲೆ ಬಿಡುಗಡೆಯಾಗುವವರ ಪಟ್ಟಿ ಸಿದ್ಧವಾದಾಗ ನಮಗೂ ಒಂದು ಮಾತು ಹೇಳಿಸಿ. ಗೇಟಿನ ಹತ್ತಿರ ಇಬ್ಬರು ನಿಂತಿರುತ್ತೇವೆ. ಬಸ್ ಚಾರ್ಜು ನಮ್ಮದೇ.

ಇಂತಿ ತಮ್ಮ ವಿಶ್ವಾಸಿ,
ಕಾಗದ ಬರೆಯುವ ಮೇಷ್ಟ್ರು